ಮುಂಗಾರು ಹೂಕೋಸಿಗೆ ಯಾವ ತಳಿ? ಎರಡೂವರೆ ಗುಂಟೆಯಲ್ಲಿ ನೀವೇ ನೋಡಿ

ಪ್ರಶ್ನೆ: ದೇವನಹಳ್ಳಿ ಹತ್ತಿರ ನನಗೆ ಅರ್ಧ ಎಕರೆ ಕೆಂಪು ಮಣ್ಣಿನ ಜಮೀನಿದೆ. ಬೋರ್‌ವೆಲ್, ಡ್ರಿಪ್ ಇದೆ. ಹೋದ ವರ್ಷ ಮೇ ಕೊನೆಯಲ್ಲಿ ನರ್ಸರಿಯಿಂದ ಹೂಕೋಸಿನ ಸಸಿ ತಂದು ನೆಟ್ಟೆ. ಕೆಲವು ಗಿಡ ಬರೀ ಎಲೆ ಬಿಟ್ಟವು. ಕೆಲವು ನಿಂಬೆಹಣ್ಣಿನಷ್ಟು ಹೂವು ಬಿಟ್ಟು ಅಲ್ಲಿಗೇ ನಿಂತವು. ಉಳಿದವುಗಳಲ್ಲಿ ಹೂವಿನ ಮೇಲೆ ಅಕ್ಕಿ ಕಾಳಿನ ಹಾಗೆ ಎದ್ದಿತ್ತು. ಈ ಸಲ ಗೌರಿ-ಗಣೇಶ ಹಬ್ಬಕ್ಕೆ ಬೆಂಗಳೂರು ಮಾರ್ಕೆಟ್ಟಿಗೆ ಹಾಕಬೇಕು ಅಂತಿದ್ದೇನೆ. ಬೀಜದ ಅಂಗಡಿಯಲ್ಲಿ ಐದು ಪ್ಯಾಕೆಟ್ ತೋರಿಸಿದರು. ಐದೂ ಬೇಗ ಬರುವ ತಳಿಗಳೇ ಅಂತೆ. ಯಾವುದು ಒಳ್ಳೆಯದು? ನಾನೇ ಪರೀಕ್ಷೆ ಮಾಡಿ ನೋಡಬಹುದಾ? ಒಳ್ಳೆಯದು ಸಿಕ್ಕರೆ ಬೀಜ ನಾನೇ ಇಟ್ಟುಕೊಳ್ಳಬಹುದಾ?

ಉತ್ತರ: ಒಂದು ಹೆಸರು ಹೇಳಿಬಿಡುವುದು ಸುಲಭ. ಹೇಳಿದರೆ ನೀವು ಅರ್ಧ ಎಕರೆಗೂ ಅದನ್ನೇ ಹಾಕುತ್ತೀರಿ. ಅದು ಬೇಡ. ಪರೀಕ್ಷೆ ನೀವೇ ಮಾಡಬಹುದು, ಎರಡೂವರೆ ಗುಂಟೆ ಜಾಗ ಸಾಕು. ಆದರೆ ಐದು ತಳಿಯನ್ನೂ ಒಂದೇ ದಿನ ನೆಟ್ಟು ನೋಡಬೇಡಿ. ನಾಲ್ಕು ತಳಿ ತೆಗೆದುಕೊಳ್ಳಿ, ನಾಲ್ಕನ್ನೂ ಎರಡು ಬೇರೆ ಬೇರೆ ದಿನ ನೆಡಿ. ಹೂಕೋಸಿನಲ್ಲಿ ತಳಿ ಎಷ್ಟು ಮುಖ್ಯವೋ ನೆಟ್ಟ ದಿನವೂ ಅಷ್ಟೇ ಮುಖ್ಯ. ಒಂದೇ ದಿನ ನೆಟ್ಟರೆ ಗೆದ್ದದ್ದು ತಳಿಯೋ ಆ ವಾರದ ಹವಾಮಾನವೋ ಗೊತ್ತಾಗುವುದಿಲ್ಲ.

ಮೊದಲು ಹೋದ ವರ್ಷದ ವಿಷಯ ಬಗೆಹರಿಸೋಣ. ನೀವು ಹೇಳಿರುವ ಮೂರೂ ತೊಂದರೆ ಒಂದೇ ಹೊಲದಲ್ಲಿ ಕಂಡಿವೆ ಅಂದರೆ ಕಾರಣ ಒಂದೇ ಇರಲಾರದು.

ಹೂಕೋಸು ಮೊದಲು ಎಲೆ ಬಿಡುತ್ತದೆ. ಒಂದಷ್ಟು ಎಲೆ ಆದ ಮೇಲೆ ಬಿಸಿ-ತಂಪು ಹದವಾಗಿ ಸಿಕ್ಕರೆ ಹೂವು ಕಟ್ಟಲು ಶುರು ಮಾಡುತ್ತದೆ. ಎಷ್ಟು ತಂಪು ಬೇಕು ಎನ್ನುವುದರ ಮೇಲೇ ನಮ್ಮ ದೇಶದ ತಳಿಗಳನ್ನು ಗುಂಪು ಮಾಡಿದ್ದಾರೆ. ಬೇಗ ಬರುವ ಗುಂಪು ಹಗಲು-ರಾತ್ರಿ ಸೇರಿ ಸರಾಸರಿ 20ರಿಂದ 27 ಡಿಗ್ರಿ ಇದ್ದರೂ ಹೂವು ಕಟ್ಟುತ್ತದೆ. ನಡುವಿನ ಗುಂಪಿಗೆ 16ರಿಂದ 20 ಬೇಕು. ಅದರ ನಂತರದ್ದಕ್ಕೆ 12ರಿಂದ 16. ಕೊನೆಯಲ್ಲಿ ಬರುವ ಸ್ನೋಬಾಲ್ ಗುಂಪು 10ರಿಂದ 16ರಲ್ಲಿ ಚೆನ್ನಾಗಿ ಬರುತ್ತದೆ. ತಂಪು ಕೇಳುವ ತಳಿಯನ್ನು ಬಿಸಿಯಲ್ಲಿ ನೆಟ್ಟರೆ ಅದು ಕಾಯುತ್ತಾ ಕೂರುತ್ತದೆ, ಬರೀ ಎಲೆ ಬಿಡುತ್ತದೆ. ನಿಮ್ಮ ಮೊದಲನೇ ತೊಂದರೆ ಇದು.

ನಿಂಬೆಹಣ್ಣಿನ ಗಾತ್ರದ ಹೂವಿಗೆ ರೈತರೂ ನರ್ಸರಿಯವರೂ ‘ಬಟನ್’ ಅನ್ನುತ್ತಾರೆ. ಬೇಗ ಬರುವ ತಳಿಯ ಸಸಿ ಟ್ರೇಯಲ್ಲಿ ಬಲಿತು ಹೋದರೆ ಹೀಗಾಗುತ್ತದೆ. ಸಾಕಷ್ಟು ಎಲೆ ಬರುವ ಮೊದಲೇ ಹೂವು ಕಟ್ಟುವ ಕಾಲ ಬಂದುಬಿಡುತ್ತದೆ. ಆ ಪುಟ್ಟ ಗಿಡ ದೊಡ್ಡ ಹೂವನ್ನು ಎಲ್ಲಿಂದ ಸಾಕಬೇಕು? ನೆಟ್ಟ ಹೊಸದರಲ್ಲಿ ಸಾರಜನಕ ಸಾಲದಿದ್ದರೂ, ನೀರು ತಪ್ಪಿದರೂ ಇದೇ ಕಥೆ. ಇನ್ನು ಅಕ್ಕಿ ಕಾಳಿನ ಹಾಗೆ ಏಳುವುದು ಹೂವು ಬೆಳೆಯುವ ಹೊತ್ತಿಗೆ ಆ ತಳಿಗೆ ಒಗ್ಗದ ಬಿಸಿ ಬಂದಾಗ, ಇಲ್ಲವೇ ಬಿಸಿ-ತಂಪು ಏರುಪೇರಾದಾಗ. ಹೂವಿನ ನಡುವೆ ಹಸಿರು ಎಲೆ ತೂರಿ ಬರುವುದು, ಮೇಲೆ ಜುಂಗು ಏಳುವುದು ಕೂಡ ಬಿಸಿಯ ಲಕ್ಷಣಗಳೇ.

ಒಂದೇ ಹೊಲದಲ್ಲಿ ಎಲೆಯ ಗಿಡವೂ ಬಟನ್ ಗಿಡವೂ ಇದ್ದವು ಅಂದರೆ ನನಗೆ ಅನುಮಾನ ನರ್ಸರಿಯ ಮೇಲೆ. ಎರಡು ತಳಿಯ ಟ್ರೇ ಬೆರೆತಿರಬೇಕು, ಅಥವಾ ಮಾರಾಟವಾಗದೆ ಉಳಿದ ಹಳೇ ಸಸಿಯನ್ನು ಹೊಸದರ ಜೊತೆ ಸೇರಿಸಿ ಕೊಟ್ಟಿರಬೇಕು. ಈ ವರ್ಷ ಸಸಿ ನೀವೇ ಮಾಡಿಕೊಳ್ಳಿ. ಆಗದಿದ್ದರೆ ನಿಮ್ಮ ಬೀಜ ಕೊಟ್ಟು ಮಾಡಿಸಿಕೊಳ್ಳಿ. ಬಿತ್ತಿದ ದಿನವನ್ನು ಟ್ರೇ ಮೇಲೆ ಬರೆಸಿ.

ಈಗ ನಮ್ಮ ಕಡೆಯ ಹವಾಮಾನದ ಲೆಕ್ಕ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಏಪ್ರಿಲ್‌ನಲ್ಲಿ ಹಗಲು 34 ಡಿಗ್ರಿ ಮುಟ್ಟುತ್ತದೆ. ಮೇ ತಿಂಗಳೂ ಹೆಚ್ಚು ಕಡಿಮೆ ಹಾಗೇ. ಜೂನ್‌ನಲ್ಲಿ ಮಳೆ ಹಿಡಿದರೆ 29ಕ್ಕೆ ಇಳಿಯುತ್ತದೆ. ಜುಲೈ-ಆಗಸ್ಟ್‌ನಲ್ಲಿ ಹಗಲು 28ರ ಆಸುಪಾಸು, ರಾತ್ರಿ 19-20. ಅಂದರೆ ಸರಾಸರಿ 23-24. ಬೇಗ ಬರುವ ಗುಂಪು ಕೇಳುವ 20-27ರ ಸರಿ ನಡುವೆ ನಾವಿದ್ದೇವೆ. ಉತ್ತರದ ಬಯಲಿನ ರೈತರಿಗೆ ಮಳೆಗಾಲದಲ್ಲಿ ಇಷ್ಟು ಹದವಾದ ಹವೆ ಸಿಗುವುದಿಲ್ಲ. ಜನವರಿಯಲ್ಲೂ ನಮ್ಮ ಸರಾಸರಿ 21ರ ಹತ್ತಿರವೇ ಇರುತ್ತದೆ. ಅಂದಮೇಲೆ ಸ್ನೋಬಾಲ್ ಗುಂಪಿಗೆ ನಮ್ಮ ಚಳಿಗಾಲವೂ ಪೂರ್ತಿ ಒಗ್ಗುವುದಿಲ್ಲ, ಮುಂಗಾರಂತೂ ದೂರದ ಮಾತು. ಅಂಗಡಿಯವರು ‘ಬೆಳ್ಳಗೆ ಬರುತ್ತೆ ಸಾರ್’ ಅಂತ ಯಾವುದೇ ಸ್ನೋಬಾಲ್ ಪ್ಯಾಕೆಟ್ ಕೈಗಿಟ್ಟರೆ ವಾಪಸ್ ಇಡಿ.

ಹೂವು ಕಟ್ಟಲು ಶುರುವಾಗುವ ಹೊತ್ತು ಜುಲೈ ಮಧ್ಯದಿಂದ ಆಗಸ್ಟ್ ಒಳಗೆ ಬರುವ ಹಾಗೆ ನೆಡುವುದು ನಿಮ್ಮ ಕೆಲಸ. ಹೋದ ವರ್ಷ ಮೇ ಕೊನೆಗೆ ನೆಟ್ಟಿರಿ. ಸಸಿಗಳು ಏಪ್ರಿಲ್ ಕೊನೆಯಿಂದ ಮೇ ಬಿಸಿಲಿನಲ್ಲಿ ಬೆಂದಿವೆ, ಗದ್ದೆಗೆ ಬಂದ ಮೇಲೂ ಮೊದಲ ಎರಡು ವಾರ ಬಿಸಿಯಲ್ಲೇ ಇದ್ದವು. ಈ ಸಲ ಮೊದಲ ಬಿತ್ತನೆ ರೋಹಿಣಿ ಮಳೆ ಶುರುವಿನಲ್ಲಿ ಇರಲಿ, ಮೇ 25ರ ಸುಮಾರಿಗೆ. ನಾಟಿ ಜೂನ್ 20ರ ಸುಮಾರಿಗೆ ಬರುತ್ತದೆ. ಎರಡನೇ ಬಿತ್ತನೆ ಮೃಗಶಿರಾದಲ್ಲಿ, ಜೂನ್ 12ರ ಹತ್ತಿರ. ನಾಟಿ ಜುಲೈ 8ರ ಹೊತ್ತಿಗೆ.

ಇಲ್ಲೊಂದು ಲೆಕ್ಕ ತಪ್ಪುವ ಜಾಗ ಇದೆ. ಪ್ಯಾಕೆಟ್ ಮೇಲೆ 60 ದಿನ ಅಂತ ಇದ್ದರೆ ಅದು ಸಾಮಾನ್ಯವಾಗಿ ನಾಟಿಯಿಂದ ಲೆಕ್ಕ, ಬಿತ್ತನೆಯಿಂದ ಅಲ್ಲ. ಸಸಿಯ 25 ದಿನ ಸೇರಿಸಿದರೆ 85. ಅದೂ ಆ ಕಂಪನಿ ಬೆಳೆದು ನೋಡಿದ ಜಾಗದ ದಿನಗಳು. ನಿಮ್ಮಲ್ಲಿ ಒಂದು ವಾರ ಆಚೀಚೆ ಆಗುತ್ತದೆ ಅಂತಲೇ ಇಟ್ಟುಕೊಳ್ಳಿ.

ಹಬ್ಬದ ಗುರಿಯ ಬಗ್ಗೆ ಒಂದು ಮಾತು. ಗಣೇಶ ಚೌತಿ 2024ರಲ್ಲಿ ಸೆಪ್ಟೆಂಬರ್ 7ಕ್ಕೆ ಬಂತು, 2025ರಲ್ಲಿ ಆಗಸ್ಟ್ 27ಕ್ಕೆ. ಹಬ್ಬ ಹೀಗೆ ಹಿಂದೆ ಮುಂದೆ ಓಡುವಾಗ ಅದನ್ನೇ ನಂಬಿ ನಾಟಿ ದಿನ ಇಡುವುದು ಕಷ್ಟ. ಅದಕ್ಕಿಂತ ಮುಖ್ಯ, ಹಬ್ಬದ ಅಡುಗೆಗೆ ಹೂಕೋಸು ಯಾರಿಗೆ ಬೇಕು ಹೇಳಿ? ಕಡುಬು, ಕೋಸಂಬರಿ, ಹುಳಿಯ ಮನೆಗಳಲ್ಲಿ ಆವತ್ತು ಬೀನ್ಸು, ಕುಂಬಳ, ಬಾಳೆಕಾಯಿ ನಡೆಯುತ್ತದೆ. ಪಿತೃಪಕ್ಷದಲ್ಲಂತೂ ಎಷ್ಟೋ ಮನೆಗಳಲ್ಲಿ ಹೂಕೋಸನ್ನು ಒಳಗೇ ಬಿಡುವುದಿಲ್ಲ. ನಿಮ್ಮ ಗಿರಾಕಿ ಹೋಟೆಲ್, ಮದುವೆ ಛತ್ರದ ಅಡುಗೆಯವರು, ಸಂಜೆಯ ಗೋಬಿ ಗಾಡಿಗಳು. ಆಷಾಢ ಕಳೆದು ಶ್ರಾವಣದ ಮದುವೆಗಳು ಶುರುವಾದಾಗ ಛತ್ರಗಳಿಗೆ ಬೇಡಿಕೆ ಬರುತ್ತದೆ. ಹಾಗಾಗಿ ಕಟಾವು ಶ್ರಾವಣದಿಂದ ಶುರುವಾಗಿ ಮೂರ್ನಾಲ್ಕು ವಾರ ಹರಡಿಕೊಳ್ಳಲಿ. ಎರಡು ದಿನಾಂಕದ ನಾಟಿಯಿಂದ ಅದೂ ತಾನಾಗಿ ಆಗುತ್ತದೆ. ಗೋಬಿ ಗಾಡಿಯ ವಿಷಯ ಬಂತು ಅಂತ ಹೇಳುತ್ತೇನೆ, 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ನಿಷೇಧಿಸಿದ್ದು ಮಂಚೂರಿಗೆ ಹಾಕುವ ಕೃತಕ ಬಣ್ಣವನ್ನು. ಮಂಚೂರಿಯನ್ನಲ್ಲ, ಹೂಕೋಸನ್ನಂತೂ ಅಲ್ಲವೇ ಅಲ್ಲ. ಇದನ್ನು ಈಗಲೂ ಕೇಳುವವರಿದ್ದಾರೆ.

ಇನ್ನು ತಳಿಗಳು. ಹೂಕೋಸು ನಮ್ಮ ನೆಲದ್ದಲ್ಲ. 1822ರಲ್ಲಿ ಇಂಗ್ಲೆಂಡಿನಿಂದ ಉತ್ತರದ ಸಹಾರನ್‌ಪುರದಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿ ತೋಟಕ್ಕೆ ಬೀಜ ಬಂತು. ಅಲ್ಲಿಂದಾಚೆಗೆ ಬಿಸಿ ಮತ್ತು ಮಳೆ ತಡೆದು ನಿಂತ ಗಿಡಗಳ ಬೀಜವನ್ನೇ ರೈತರು ವರ್ಷ ವರ್ಷ ಎತ್ತಿಟ್ಟುಕೊಂಡರು. ಬಿಸಿ ತಡೆಯುವ ಭಾರತೀಯ ಹೂಕೋಸು ಹುಟ್ಟಿದ್ದು ಹೀಗೆ. ಕುವಾರಿ, ಕಾತ್ಕಿ, ಅಘನಿ, ಪೂಸಿ, ಮಾಘಿ ಎಂಬ ಹಳೇ ಹೆಸರುಗಳು ಅಲ್ಲಿ ಕಟಾವಿಗೆ ಬರುವ ತಿಂಗಳ ಹೆಸರುಗಳು. ಆಶ್ವಯುಜದ ಕುವಾರಿ ಎಲ್ಲಕ್ಕಿಂತ ಮೊದಲು, ನಂತರ ಕಾರ್ತಿಕದ ಕಾತ್ಕಿ. ಪ್ಯಾಕೆಟ್ ಮೇಲೆ ಅಘನಿ, ಪೂಸಿ, ಮಾಘಿ ಅಂತ ಕಂಡರೆ ಅದು ಚಳಿಗಾಲದ್ದು, ನಿಮಗೆ ಬೇಡ.

ಸರ್ಕಾರಿ ಸಂಸ್ಥೆಗಳ ತಳಿಗಳಲ್ಲಿ ಅರ್ಲಿ ಕುವಾರಿ ಪಂಜಾಬಿನದು. ಪೂಸಾ ಕಾತ್ಕಿ, ಪೂಸಾ ದೀಪಾಲಿ, ಪೂಸಾ ಮೇಘನಾ ದೆಹಲಿಯ ಪೂಸಾ ಸಂಸ್ಥೆಯವು. ಇವುಗಳಲ್ಲಿ ಮೇಘನಾ ಬಹಳ ಬೇಗದ ಗುಂಪಿಗೆ ಸೇರಿದೆ. ದೀಪಾಲಿ ಅದಕ್ಕಿಂತ ಸ್ವಲ್ಪ ನಿಧಾನ. ನಮ್ಮ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕಾಂತಿ ಬೇಗ ಬರುವ ತಳಿ. ಹೂವು ಗಟ್ಟಿ, ಬಣ್ಣ ಕೆನೆ. ನನ್ನ ಲೆಕ್ಕದಲ್ಲಿ ನಿಮ್ಮ ಪರೀಕ್ಷೆಯಲ್ಲಿ ಇದು ಇರಲೇಬೇಕು. ಗೆಲ್ಲುತ್ತದೆ ಅಂತಲ್ಲ. ಹೆಸರಘಟ್ಟ ನಿಮ್ಮಿಂದ ದೂರವೇನಲ್ಲ, ಮಣ್ಣು-ಹವೆ ಹೆಚ್ಚು ಕಡಿಮೆ ಒಂದೇ. ಉಳಿದವನ್ನು ಹೋಲಿಸಿ ನೋಡಲು ಒಂದು ಗೊತ್ತಿರುವ ಅಳತೆ ಬೇಕಲ್ಲ, ಅದಕ್ಕೆ.

ಖಾಸಗಿ ಹೈಬ್ರಿಡ್‌ಗಳ ಹೆಸರು ಹೇಳುವುದಿಲ್ಲ. ಪಟ್ಟಿ ವರ್ಷ ವರ್ಷ ಬದಲಾಗುತ್ತದೆ. ಹೈಬ್ರಿಡ್ ಒಳ್ಳೆಯದೋ ಸಾದಾ ತಳಿ ಒಳ್ಳೆಯದೋ ಅಂದರೆ ನೀವು ಮಾರುವ ರೀತಿ ನೋಡಬೇಕು. ಹೈಬ್ರಿಡ್ ಹೂವು ಒಂದೇ ಗಾತ್ರ, ಎರಡು ಮೂರು ಕೊಯ್ಲಿನಲ್ಲಿ ಹೊಲ ಖಾಲಿ. ಟೆಂಪೋ ತುಂಬಿಸಿ ಕಲಾಸಿಪಾಳ್ಯಕ್ಕೆ ಕಳಿಸುವವರಿಗೆ ಅನುಕೂಲ. ಸಾದಾ ತಳಿ ಎರಡು ಮೂರು ವಾರ ಬಿಡಿಬಿಡಿಯಾಗಿ ಬರುತ್ತದೆ. ಸಂತೆಯಲ್ಲಿ ನೀವೇ ಕೂತು ಮಾರುವುದಾದರೆ ಅದೇ ವಾಸಿ. ಬೀಜದ ಖರ್ಚೂ ಕಡಿಮೆ. ಎಲ್ಲರೂ ಹೈಬ್ರಿಡ್ ಹಾಕುತ್ತಾರೆ ಅಂತ ಸುಮ್ನೆ ಹಾಕಬೇಡಿ.

ಐದು ಪ್ಯಾಕೆಟ್‌ಗಳಲ್ಲಿ ಮೂರನ್ನು ಉಳಿಸಿಕೊಳ್ಳಲು ಅಂಗಡಿಯಲ್ಲೇ ಸ್ವಲ್ಪ ಓದಿ. ಯಾವ ಹಂಗಾಮಿಗೆ, ಯಾವ ರಾಜ್ಯಕ್ಕೆ ಅಂತ ಬರೆದಿರುತ್ತಾರೆ. ಮುಂಗಾರು ಅಥವಾ ಖಾರಿಫ್ ಅಂತ ಇಲ್ಲದ್ದನ್ನು ಮೊದಲು ಪಕ್ಕಕ್ಕಿಡಿ. ಬೀಜ ಪರೀಕ್ಷೆ ಮಾಡಿದ ದಿನಾಂಕ ನೋಡಿ. ಮೊಳಕೆ ಪ್ರಮಾಣ ನೋಡಿ, ಹೂಕೋಸಿಗೆ ಕನಿಷ್ಠ ಶೇಕಡಾ 65 ಇರಬೇಕು. ನಾಲ್ಕನೆಯದು ಅರ್ಕಾ ಕಾಂತಿ ಅಥವಾ ನಿಮ್ಮ ಅಕ್ಕಪಕ್ಕದ ರೈತರು ಮುಂಗಾರಿನಲ್ಲಿ ಬೆಳೆದು ಗೆದ್ದಿರುವ ಯಾವುದಾದರೂ ತಳಿ. ಬಿಲ್ ತಪ್ಪದೆ ತೆಗೆದುಕೊಳ್ಳಿ. ಖಾಲಿ ಪ್ಯಾಕೆಟ್ ಮತ್ತು ಒಂದು ಚಿಟಿಕೆ ಬೀಜ ಕಟಾವು ಮುಗಿಯುವ ತನಕ ಎತ್ತಿಡಿ. ಬೇರೆ ತಳಿ ಬೆರೆತಿದೆ ಅಂತ ಆಮೇಲೆ ದೂರು ಕೊಡಬೇಕಾದರೆ ಇವಿಲ್ಲದೆ ಯಾರೂ ಮಾತಾಡಿಸುವುದಿಲ್ಲ.

ಬೀಜ ಎಷ್ಟು ಬೇಕು? ಒಂದು ಗ್ರಾಂಗೆ ಸುಮಾರು 300 ಬೀಜ ಇರುತ್ತದೆ. ಪರೀಕ್ಷೆಗೆ ಪ್ರತಿ ತಳಿಗೆ ಪ್ರತಿ ದಿನಾಂಕಕ್ಕೆ 120 ಗಿಡ. ಸಾಯುವುದು, ಮೊಳೆಯದೇ ಹೋಗುವುದು ಸೇರಿಸಿ 200 ಬೀಜ ಹಾಕಿ. ಅತಿ ಚಿಕ್ಕ ಪ್ಯಾಕೆಟ್ಟೇ ಜಾಸ್ತಿ ಆಯಿತು.

ಸಸಿಯನ್ನು 98 ಗುಣಿಯ ಟ್ರೇಯಲ್ಲಿ ತೆಂಗಿನ ನಾರಿನ ಪುಡಿ ಹಾಕಿ, ನೆರಳು ಬಲೆ ಅಡಿ ಮಾಡಿ. ಎರಡು ಸಲವೂ ನಾಲ್ಕೂ ತಳಿ ಒಂದೇ ದಿನ ಬಿತ್ತಬೇಕು, ಒಂದೇ ದಿನ ನೆಡಬೇಕು. 25ರಿಂದ 30 ದಿನದ ಸಸಿ ಸರಿ. ಮಳೆ ಬಂತು, ಟ್ರಾಕ್ಟರ್ ಸಿಗಲಿಲ್ಲ ಅಂತ 40 ದಿನಕ್ಕೆ ಹೋದರೆ ಬಟನ್ ಖಂಡಿತ. ಬೇಗ ಬರುವ ತಳಿ ಈ ವಿಷಯದಲ್ಲಿ ಒಂಚೂರೂ ಸಹಿಸುವುದಿಲ್ಲ. ಒಂದು ತಳಿಯ ಸಸಿ ಎಳೆಯದು, ಇನ್ನೊಂದರದು ಬಲಿತದ್ದು ಆದರೆ ನೀವು ಹೋಲಿಸುತ್ತಿರುವುದು ತಳಿಯನ್ನಲ್ಲ, ಸಸಿಯ ವಯಸ್ಸನ್ನು. ನೀರು ಹೆಚ್ಚಾದರೆ ಬುಡ ಕೊಳೆತು ಸಸಿ ಮಲಗುತ್ತದೆ. ಬೆಳಗ್ಗೆ ಒಮ್ಮೆ ಸಾಕು, ಸಂಜೆ ಟ್ರೇ ಒದ್ದೆ ಇದ್ದರೆ ಮುಟ್ಟಬೇಡಿ.

ಹೊಲದಲ್ಲಿ ಜೋಡಿಸುವುದು ಹೀಗೆ. ಬೇಗದ ತಳಿಗಳ ಗಿಡ ಚಿಕ್ಕದು, ಸಾಲಿಂದ ಸಾಲಿಗೆ 45 ಸೆಂ.ಮೀ., ಗಿಡದಿಂದ ಗಿಡಕ್ಕೆ 45 ಸಾಕು. ನಾಲ್ಕು ಸಾಲು, ಸಾಲಿಗೆ 10 ಗಿಡ, ಒಟ್ಟು 40 ಗಿಡದ್ದು ಒಂದು ಮಡಿ. ಪ್ರತಿ ತಳಿಗೆ ಇಂಥ ಮೂರು ಮಡಿ, ಹೊಲದ ಬೇರೆ ಬೇರೆ ಕಡೆ. ಹೊಲವನ್ನು ಅಡ್ಡಕ್ಕೆ ಮೂರು ಪಟ್ಟಿ ಮಾಡಿ. ಒಂದೊಂದು ಪಟ್ಟಿಯಲ್ಲೂ ನಾಲ್ಕೂ ತಳಿ ಒಂದೊಂದು ಸಲ ಬರಬೇಕು. ಯಾವುದರ ಪಕ್ಕ ಯಾವುದು ಅಂತ ಚೀಟಿ ಎತ್ತಿ ತೀರ್ಮಾನ ಮಾಡಿ. ಚೀಟಿ ಯಾಕೆ ಅಂದರೆ, ಮನಸ್ಸಿನಲ್ಲಿ ಮೊದಲೇ ಇಷ್ಟವಾದ ತಳಿಯನ್ನು ನಾವು ಗೊತ್ತಿಲ್ಲದೆ ಒಳ್ಳೇ ಜಾಗಕ್ಕೆ ಹಾಕಿಬಿಡುತ್ತೇವೆ. ಡ್ರಿಪ್ ಪೈಪಿನ ಕೊನೆಯಲ್ಲಿ ನೀರು ಕಡಿಮೆ, ಬದುವಿನ ಹೊಂಗೆ ಮರದ ನೆರಳು, ತಗ್ಗಿನಲ್ಲಿ ನೀರು ನಿಲ್ಲುವುದು, ಇವೆಲ್ಲ ಒಂದೇ ತಳಿಯ ತಲೆಗೆ ಬರಬಾರದು. ಎರಡೂ ದಿನಾಂಕ ಸೇರಿ 960 ಗಿಡ. ಗಿಡಗಳಿಗೇ ಎರಡು ಗುಂಟೆ ಹತ್ತಿರ ಬೇಕು, ಓಡಾಡುವ ದಾರಿ ಸೇರಿ ಎರಡೂವರೆ. ಉಳಿದ ಹದಿನೇಳೂವರೆ ಗುಂಟೆಯಲ್ಲಿ ನೆರೆಯವರು ಬೆಳೆದು ಗೆದ್ದ ತಳಿ ಹಾಕಿ. ಇಲ್ಲದಿದ್ದರೆ ಬೀನ್ಸೋ ಕೊತ್ತಂಬರಿಯೋ ಹಾಕಿ. ಪರೀಕ್ಷೆಯ ವರ್ಷವೇ ಪೂರ್ತಿ ಜಮೀನನ್ನು ಜೂಜಿಗೆ ಇಡಬೇಡಿ.

ಲೆಕ್ಕ ಬರೆಯುವಾಗ ಮಡಿಯ ಅಂಚಿನ ಗಿಡ ಬಿಟ್ಟುಬಿಡಿ. ಅಂಚಿನ ಗಿಡಕ್ಕೆ ಬಿಸಿಲು, ಜಾಗ ಜಾಸ್ತಿ ಸಿಗುತ್ತದೆ, ಅದು ಸುಳ್ಳು ಹೇಳುತ್ತದೆ. ಒಳಗಿನ ಎರಡು ಸಾಲಿನ ಎಂಟೆಂಟು ಗಿಡ, ಒಟ್ಟು 16. ಮೂರು ಮಡಿಯಿಂದ 48. ಇವುಗಳದ್ದು ಮಾತ್ರ ಬರೆಯಿರಿ: ನಾಟಿಯಾದ ಎಷ್ಟನೇ ದಿನಕ್ಕೆ ಅರ್ಧದಷ್ಟು ಗಿಡಗಳಲ್ಲಿ ಹೂವು ಕಂಡಿತು, ಎಷ್ಟನೇ ದಿನ ಮೊದಲ ಕೊಯ್ಲು, ಎಷ್ಟನೇ ದಿನ ಕೊನೆಯದು, ಮಾರುವಂಥ ಹೂವು ಎಷ್ಟು, ಅವುಗಳ ತೂಕ ಎಷ್ಟು. ಮಾರಲಾಗದ್ದು ಯಾಕೆ ಹೋಯಿತು ಅಂತ ಬೇರೆ ಬರೆಯಿರಿ. ಬಟನ್, ಅಕ್ಕಿ, ಎಲೆ ತೂರಿದ್ದು, ಕೊಳೆ, ಹುಳ. ಈ ಕೊನೆಯ ಪಟ್ಟಿಯೇ ನಿಮಗೆ ಮುಂದಿನ ವರ್ಷ ಹೆಚ್ಚು ಕೆಲಸಕ್ಕೆ ಬರುವುದು.

ದೊಡ್ಡ ಹೂವಿಗೆ ಮರುಳಾಗಬೇಡಿ. ಒಂದು ಉದಾಹರಣೆ ಲೆಕ್ಕ ನೋಡಿ. ಒಂದು ತಳಿಯ 48ರಲ್ಲಿ 27 ಹೂವು ಮಾರುವಂತಿವೆ, ಒಂದೊಂದೂ 900 ಗ್ರಾಂ. ಇನ್ನೊಂದರಲ್ಲಿ 42 ಮಾರುವಂತಿವೆ, ಒಂದೊಂದು 600 ಗ್ರಾಂ. ಹೊಲದ ಬದುವಿನಲ್ಲಿ ನಿಂತು ನೋಡುವವರೆಲ್ಲ ಮೊದಲನೆಯದಕ್ಕೇ ಕೈ ತೋರಿಸುತ್ತಾರೆ. ತೂಕ ಹಾಕಿದರೆ ಮೊದಲನೆಯದು 24.3 ಕಿಲೋ, ಎರಡನೆಯದು 25.2 ಕಿಲೋ. ಇನ್ನು ನಮ್ಮ ಬೀದಿಗಳಲ್ಲಿ ಹೂಕೋಸು ಜಾಸ್ತಿ ಮಾರಾಟವಾಗುವುದು ‘ಒಂದಕ್ಕೆ ಇಷ್ಟು’ ಅಂತ. ಆಗ 27 ಎಲ್ಲಿ, 42 ಎಲ್ಲಿ? ನಾಲ್ಕು ಜನರ ಮನೆಗೆ ಅರ್ಧ ಕಿಲೋದ ಹೂವು ಸಾಕು, ಕಿಲೋದ್ದನ್ನು ಕೊಳ್ಳುವವರು ಹೋಟೆಲಿನವರು. ನಿಮ್ಮ ಗಿರಾಕಿ ಯಾರು ಅಂತ ಮೊದಲು ತೀರ್ಮಾನಿಸಿ, ಆಮೇಲೆ ತೂಕ ನೋಡಿ.

ಬಣ್ಣದ ವಿಷಯದಲ್ಲೂ ಹಾಗೇ. ಬೇಗ ಬರುವ ಭಾರತೀಯ ತಳಿಗಳ ಹೂವು ಕೆನೆ ಬಣ್ಣದ್ದು, ಸ್ನೋಬಾಲ್‌ನ ಬಿಳುಪು ಬರುವುದಿಲ್ಲ. ಎಲೆಗಳೂ ಹೂವನ್ನು ಪೂರ್ತಿ ಮುಚ್ಚುವುದಿಲ್ಲ. ಬಿಸಿಲು ಬಿದ್ದರೆ ಇನ್ನೂ ಹಳದಿಯಾಗುತ್ತದೆ. ಕೊಯ್ಲಿಗೆ ನಾಲ್ಕೈದು ದಿನ ಮೊದಲು ಹೊರಗಿನ ಎಲೆಗಳನ್ನು ಹೂವಿನ ಮೇಲೆ ಬಗ್ಗಿಸಿ ಕಟ್ಟಿದರೆ ಬಣ್ಣ ಉಳಿಯುತ್ತದೆ. ಬಿಡದೆ ಮಳೆ ಸುರಿಯುವ ವಾರದಲ್ಲಿ ಮಾತ್ರ ಕಟ್ಟಬೇಡಿ, ಒಳಗೆ ನೀರು ನಿಂತು ಕೊಳೆಯುತ್ತದೆ. ತಳಿ ನೋಡುವಾಗ ಹೂವಿನ ಆಕಾರವನ್ನೂ ಗಮನಿಸಿ. ಗುಮ್ಮಟದ ಹಾಗೆ ಉಬ್ಬಿದ ಹೂವಿನ ಮೇಲಿಂದ ಮಳೆ ನೀರು ಜಾರುತ್ತದೆ, ಚಪ್ಪಟೆ ಹೂವಿನಲ್ಲಿ ನಿಲ್ಲುತ್ತದೆ. ಮಳೆಗಾಲದ ಬೆಳೆಗೆ ಅಚ್ಚ ಬಿಳಿ ಬಣ್ಣಕ್ಕಿಂತ ಇದು ಮುಖ್ಯ ಅಂತ ನನ್ನ ಅಭಿಪ್ರಾಯ. ಹಿಟ್ಟಲ್ಲಿ ಅದ್ದಿ ಕರಿಯುವವರಿಗೆ ಕೆನೆ ಬಣ್ಣದಿಂದ ಏನೂ ತೊಂದರೆ ಇಲ್ಲ.

ಕೆಲವು ದೋಷಗಳನ್ನು ತಳಿಯ ಲೆಕ್ಕಕ್ಕೆ ಹಾಕಬೇಡಿ. ದಂಟು ಸೀಳಿದರೆ ಒಳಗೆ ಟೊಳ್ಳು, ಹೂವಿನ ಮೇಲೆ ಕಂದು ಕಲೆ ಕಂಡರೆ ಸಾಮಾನ್ಯವಾಗಿ ಬೋರಾನ್ ಕೊರತೆ. ಯೂರಿಯಾ ಜಾಸ್ತಿ ಸುರಿದರೂ ದಂಟು ಟೊಳ್ಳಾಗುತ್ತದೆ. ಎಲೆಯ ಅಗಲ ಕುಗ್ಗಿ ನಡುವಿನ ನರ ಮಾತ್ರ ಚಾಟಿಯಂತೆ ಉಳಿದರೆ ಮಾಲಿಬ್ಡಿನಂ ಸಿಗುತ್ತಿಲ್ಲ ಅಂತ ಅರ್ಥ. ಇದು ಹುಳಿ ಮಣ್ಣಿನ ಕಾಯಿಲೆ, ನಮ್ಮ ಕೆಂಪು ಮಣ್ಣಿನಲ್ಲಿ ಕಾಣುತ್ತದೆ. ಈಗಲೇ ಮಣ್ಣು ಪರೀಕ್ಷೆ ಮಾಡಿಸಿ. ಪಿಎಚ್ 6ಕ್ಕಿಂತ ಕಡಿಮೆ ಇದ್ದರೆ ನಾಟಿಗೆ ಮೂರ್ನಾಲ್ಕು ವಾರ ಮೊದಲೇ ಅವರು ಹೇಳಿದಷ್ಟು ಸುಣ್ಣ ಹಾಕಿ. ಬೋರಾನ್ ಕಡಿಮೆ ಅಂತ ಬಂದರೆ ಅರ್ಧ ಎಕರೆಗೆ ಎರಡು ಕಿಲೋ ಬೋರಾಕ್ಸ್, ಕೊಟ್ಟಿಗೆ ಗೊಬ್ಬರದ ಜೊತೆ ಬೆರೆಸಿ ಸಮವಾಗಿ ಎರಚಿ. ಅದಕ್ಕಿಂತ ಹೆಚ್ಚು ಬೇಡ, ಬೋರಾನ್ ಜಾಸ್ತಿಯಾದರೆ ಗಿಡಕ್ಕೆ ವಿಷ. ಹೆಸರಘಟ್ಟದವರ ಅರ್ಕಾ ತರಕಾರಿ ಸ್ಪೆಷಲ್ ಎಂಬ ಸಿಂಪರಣೆ ಪುಡಿಯಲ್ಲೂ ಲಘು ಪೋಷಕಾಂಶಗಳು ಸಿಗುತ್ತವೆ. ಯಾವುದೇ ಆಗಲಿ, ಎಲ್ಲ ಮಡಿಗೂ ಒಂದೇ ಪ್ರಮಾಣ. ಬಾಡಿದ ತಳಿಗೆ ಒಂದು ಹಿಡಿ ಹೆಚ್ಚಿಗೆ ಗೊಬ್ಬರ ಹಾಕಿದಿರೋ, ಪರೀಕ್ಷೆ ಅಲ್ಲಿಗೇ ಮುಗಿಯಿತು.

ರೋಗ-ಹುಳದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಮಳೆಯಲ್ಲಿ ಹೆಚ್ಚು ಕಾಡುವುದು ಕಪ್ಪು ಕೊಳೆ ರೋಗ. ಎಲೆಯ ಅಂಚಿನಿಂದ ಒಳಕ್ಕೆ ಮೂರು ಮೂಲೆಯ ಹಳದಿ ಪಟ್ಟೆ, ನರ ಕಪ್ಪು. ಬೀಜದಿಂದಲೂ ಬರುತ್ತದೆ. ಔಷಧಿ ಲೇಪ ಇಲ್ಲದ ಬೀಜವಾದರೆ 50 ಡಿಗ್ರಿ ಬಿಸಿ ನೀರಿನಲ್ಲಿ ಅರ್ಧ ಗಂಟೆ ಇಟ್ಟು ನೆರಳಲ್ಲಿ ಒಣಗಿಸಿ ಬಿತ್ತಬಹುದು. ಥರ್ಮಾಮೀಟರ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ, ಐದು ಡಿಗ್ರಿ ಹೆಚ್ಚಾದರೆ ಬೀಜವೇ ಬೇಯುತ್ತದೆ. ಹೋದ ವರ್ಷದ ಹೂಕೋಸಿನ ಜಾಗದಲ್ಲೇ ಮತ್ತೆ ಹಾಕಬೇಡಿ. ಎಲೆಕೋಸು, ನವಿಲುಕೋಸು, ಮೂಲಂಗಿ, ಸಾಸಿವೆ ಬೆಳೆದ ಜಾಗವೂ ಬೇಡ, ಎಲ್ಲ ಒಂದೇ ಕುಟುಂಬ. ಯಾವ ತಳಿಯಲ್ಲಿ ಎಷ್ಟು ಗಿಡಕ್ಕೆ ಈ ರೋಗ ಬಂತು ಅಂತ ಮಾತ್ರ ತಪ್ಪದೆ ಬರೆಯಿರಿ. ನಮ್ಮ ಮುಂಗಾರಿಗೆ ಬಿಸಿ ತಡೆಯುವ ಗುಣದಷ್ಟೇ ಇದೂ ಬೇಕು, ಪ್ಯಾಕೆಟ್ ಮೇಲೆ ಇದನ್ನು ಬರೆಯುವವರು ಕಡಿಮೆ.

ಎಲೆಯಲ್ಲಿ ಸಣ್ಣ ಸಣ್ಣ ಕಿಟಕಿ ಕೊರೆಯುವುದು ವಜ್ರ ಬೆನ್ನಿನ ಪತಂಗದ ಹುಳ. ಅದಕ್ಕೆ ಕೋಸಿಗಿಂತ ಸಾಸಿವೆ ಇಷ್ಟ. ಪರೀಕ್ಷೆಯ ಜಾಗದ ಎರಡು ಬದಿಗೆ ಸಾಸಿವೆ ಸಾಲು ಹಾಕಿ, ನಾಟಿಗೆ ಎರಡು ವಾರ ಮೊದಲೇ ಒಮ್ಮೆ, ನಾಟಿಯಾದ ಮೂರ್ನಾಲ್ಕು ವಾರಕ್ಕೆ ಇನ್ನೊಮ್ಮೆ. ಪತಂಗ ಅಲ್ಲಿ ಮೊಟ್ಟೆ ಇಡುತ್ತದೆ, ನೀವು ಅಲ್ಲೇ ಹೊಡೆಯಬಹುದು. ಕೋಸಿಗೆ ಶೇಕಡಾ 4ರ ಬೇವಿನ ಬೀಜದ ಕಷಾಯ ಸಾಕಾಗುತ್ತದೆ. ಎಲೆಯ ಕೆಳಭಾಗಕ್ಕೆ ಬೀಳಬೇಕು, ಅಷ್ಟೇ.

ಫಲಿತಾಂಶ ಓದುವಾಗ ಎರಡು ದಿನಾಂಕವನ್ನೂ ಪಕ್ಕಪಕ್ಕ ಇಡಿ. ಒಂದು ತಳಿ ಜೂನ್ ನಾಟಿಯಲ್ಲಿ ಚೆನ್ನಾಗಿ ಬಂದು ಜುಲೈ ನಾಟಿಯಲ್ಲಿ ಸೋತರೆ, ಅಥವಾ ತಿರುಗುಮುರುಗಾದರೆ, ಅದನ್ನು ಗೆದ್ದ ದಿನಾಂಕಕ್ಕೆ ಮಾತ್ರ ಬಳಸಿ. ಎರಡರಲ್ಲೂ ಎರಡನೇ ಸ್ಥಾನದಲ್ಲಿದ್ದ ತಳಿ ಇದ್ದರೆ ನಾನಾದರೆ ಅದನ್ನೇ ಹೆಚ್ಚು ಜಾಗಕ್ಕೆ ಹಾಕುತ್ತೇನೆ. ಮಳೆ ಯಾವಾಗ ಹಿಡಿಯುತ್ತದೆ, ಕೂಲಿಯವರು ಯಾವಾಗ ಸಿಗುತ್ತಾರೆ ಅಂತ ನಮ್ಮ ಕೈಯಲ್ಲಿಲ್ಲ ಅಲ್ವಾ? ನಾಟಿ ವಾರ ಹತ್ತು ದಿನ ಜಾರಿದರೂ ತಡೆದುಕೊಳ್ಳುವ ತಳಿ ಬೇಕು. ಮೂರು ಮಡಿಯ ಲೆಕ್ಕ ಒಂದಕ್ಕೊಂದು ತೀರಾ ಬೇರೆ ಬಂದರೆ, ಅಂದರೆ ಒಂದೇ ತಳಿ ಒಂದು ಮಡಿಯಲ್ಲಿ 15 ಹೂವು, ಇನ್ನೊಂದರಲ್ಲಿ 6 ಕೊಟ್ಟರೆ, ತಳಿಯ ಬಗ್ಗೆ ಏನೂ ತೀರ್ಮಾನಿಸಬೇಡಿ. ಮೊದಲು ಆ ಮಡಿಯ ಡ್ರಿಪ್ ತೂತು ಕಟ್ಟಿದೆಯಾ ನೋಡಿ. ಇನ್ನೊಂದು ವರ್ಷವೂ ನೋಡಿದ ಮೇಲೆಯೇ ಅರ್ಧ ಎಕರೆಗೆ ಹೋಗುವುದು ಒಳ್ಳೆಯದು. ಆದರೆ ಮೊದಲ ವರ್ಷವೇ ಕೆಟ್ಟದಾಗಿ ಸೋತ ತಳಿಯನ್ನು ಬಿಡಲು ಎರಡನೇ ವರ್ಷ ಬೇಕಿಲ್ಲ.

ಬೀಜದ ಪ್ರಶ್ನೆ. ಹೈಬ್ರಿಡ್‌ನ ಬೀಜ ಇಟ್ಟುಕೊಂಡರೆ ಮುಂದಿನ ಪೀಳಿಗೆ ನಾನಾ ಥರ ಬರುತ್ತದೆ, ಪ್ರಯೋಜನವಿಲ್ಲ. ಅರ್ಕಾ ಕಾಂತಿಯಂಥ ಸಾದಾ ತಳಿಯಲ್ಲಿ ಆಗುತ್ತದೆ. ಬೇಗ ಬರುವ ಭಾರತೀಯ ತಳಿಗಳು ಬಯಲು ಸೀಮೆಯಲ್ಲೂ ಬೀಜ ಕಟ್ಟುತ್ತವೆ, ಸ್ನೋಬಾಲ್ ಗುಂಪಿನ ಹಾಗೆ ಹಿಮಾಲಯದ ತಪ್ಪಲಿಗೆ ಹೋಗಬೇಕಿಲ್ಲ. ತೊಡಕು ಬೇರೆ ಕಡೆ ಇದೆ. ಹೂಕೋಸನ್ನು ಜೇನುನೊಣ ಪರಾಗಸ್ಪರ್ಶ ಮಾಡುತ್ತದೆ. ಒಂದು ಕಿಲೋಮೀಟರ್ ಒಳಗೆ ಎಲೆಕೋಸೋ ನವಿಲುಕೋಸೋ ಹೂಬಿಟ್ಟು ನಿಂತಿದ್ದರೆ ನಿಮ್ಮ ಬೀಜ ಬೆರಕೆಯಾಗುತ್ತದೆ. ಹೊಸ ಗಿಡ ಬೆಳೆದಾಗಲೇ ಅದು ಗೊತ್ತಾಗುವುದು. ನಿಮ್ಮ ಕಡೆ ಸುತ್ತಲೂ ತರಕಾರಿಯೇ, ಹಾಗಾಗಿ ನಾನು ಬೇಡ ಅನ್ನುತ್ತೇನೆ. ಪ್ರತಿ ವರ್ಷ ಹೆಸರಘಟ್ಟದಿಂದಲೇ ತನ್ನಿ. ಪರೀಕ್ಷೆಯಲ್ಲಿ ಉಳಿದ ಬೀಜವನ್ನು ಮಾತ್ರ ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ನ ಕೆಳಗಿನ ಖಾನೆಯಲ್ಲಿಡಿ. ಮುಂದಿನ ಮೇ ತಿಂಗಳಲ್ಲಿ 50 ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ವಾರದೊಳಗೆ 33ಕ್ಕಿಂತ ಕಡಿಮೆ ಮೊಳೆತರೆ ಹೊಸ ಪ್ಯಾಕೆಟ್ ತೆಗೆದುಕೊಳ್ಳಿ.